ಮೈ ಬಿಟ್ಟ ಚರ್ಮವನ್ನು ತೂಗುವ ಅಕ್ಕ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯ ತುದಿಯಲ್ಲಿ ಕಿಟಕಿಯಿಲ್ಲದ ಒಂದು ಸಣ್ಣ ಕೋಣೆ. ಗೋಡೆಗೆ ಒತ್ತಿ ನಿಂತ ದೊಡ್ಡ ಫ್ರಿಜ್ಜು ಗುಂಯ್‌ಗುಡುತ್ತಿದೆ. ಹಸಿರು ನಿಲುವಂಗಿ ತೊಟ್ಟ ಹೆಂಗಸೊಬ್ಬರು ಅದರ ಬಾಗಿಲು ತೆಗೆದು ಹಳದಿ ಚೀಲವೊಂದನ್ನು ಎತ್ತಿಕೊಳ್ಳುತ್ತಾರೆ, ನಿದ್ದೆ ಹೋದ ಮಗುವನ್ನು ಎತ್ತುವ ಹಾಗೆ ಅಡಿಗೆ ಕೈಕೊಟ್ಟು. ಕಣ್ಣು ಮುಚ್ಚಿ ಒಂದು ಕ್ಷಣ ಅಂದಾಜು ಮಾಡುತ್ತಾರೆ. "ಆರೂವರೆ," ಎನ್ನುತ್ತಾರೆ. ಚೀಟಿಯಲ್ಲಿರುವುದು ಆರು ಕಿಲೋ ನಾನೂರ ಎಂಬತ್ತು ಗ್ರಾಂ. ನಿನ್ನೆ ಬೆಳಗಿನವರೆಗೂ ಅದು ಒಬ್ಬರ ಹೊಟ್ಟೆಯಾಗಿತ್ತು.

ತುಂಬ ದಪ್ಪಗಿದ್ದವರು ಐವತ್ತು, ಎಂಬತ್ತು ಕಿಲೋ ಇಳಿಸಿದರೆ ಕೊಬ್ಬು ಕರಗುತ್ತದೆ, ಚರ್ಮ ಕರಗುವುದಿಲ್ಲ. ಅದು ಹೊಟ್ಟೆಯಿಂದ, ತೋಳಿನಿಂದ, ತೊಡೆಯಿಂದ ಜೋತುಬಿದ್ದು ನಡೆದರೆ ಬಡಿಯುತ್ತದೆ, ಮಡಿಕೆಯೊಳಗೆ ಬೆವರು ನಿಂತು ಹುಣ್ಣಾಗುತ್ತದೆ. ಅದನ್ನು ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆ ಇಲ್ಲಿ ವಾರಕ್ಕೆ ನಾಲ್ಕೋ ಐದೋ ನಡೆಯುತ್ತದೆ. ತೆಗೆಯುವ ವೈದ್ಯರ ಫೋಟೊ ಮುಂಬಾಗಿಲಲ್ಲೇ ಇದೆ. ತೆಗೆದದ್ದನ್ನು ಕೈಯೊಡ್ಡಿ ಇಸಿದುಕೊಳ್ಳುವವರ ಹೆಸರು ಆಸ್ಪತ್ರೆಯ ಅರ್ಧ ಜನಕ್ಕೆ ತಿಳಿಯದು. ಎಲ್ಲರ ಬಾಯಲ್ಲೂ ಅವರು 'ತೂಕದಕ್ಕ'.

ಐವತ್ಮೂರರ ಈ ಅಕ್ಕನ ಕೆಲಸ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಶುರುವಾಗುತ್ತದೆ. ರೋಗಿಗೆ ಮೈ ತೊಳೆಸುತ್ತಾರೆ. ವೈದ್ಯರು ಪೆನ್ನಿನಿಂದ ಗೆರೆ ಎಳೆಯುವಾಗ ಮಡಿಕೆಯನ್ನು ಎತ್ತಿ ಹಿಡಿಯುತ್ತಾರೆ. ಆಮೇಲೆ ತಟ್ಟೆ ಹಿಡಿದು ಕಾಯುತ್ತಾರೆ. ಬಂದದ್ದನ್ನು ತೂಗಿ, ಚೀಟಿ ಬರೆದು, ಚೀಲಕ್ಕೆ ಹಾಕಿ ಕೆಳಗೆ ತರುತ್ತಾರೆ. ಮರುದಿನ ಆರೂಕಾಲಿಗೆ ಸುಡುವ ಕಡೆಗೆ ಒಯ್ಯುವ ವ್ಯಾನು ಬರುತ್ತದೆ. ಹನ್ನೊಂದು ವರ್ಷದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಚೀಲ. ಒಟ್ಟು ಹನ್ನೆರಡು ಟನ್ ಆಗಬಹುದು ಎಂದು ನಾನು ಲೆಕ್ಕ ಹಾಕಿ ಹೇಳಿದರೆ ಅವರು ಮುಖ ಸಿಂಡರಿಸುತ್ತಾರೆ. ಕಲ್ಲಿದ್ದಲಿನ ಹಾಗೆ ಒಟ್ಟುಗೂಡಿಸುವುದು ಅವರಿಗೆ ಸೇರದು.

"ಮೊದಲ ದಿನ ತಟ್ಟೆ ಕೈಗೆ ಬಂದಾಗ ಬೆಚ್ಚಗಿತ್ತು. ಅದೊಂದನ್ನ ಯಾರೂ ನಂಗೆ ಹೇಳಿರಲಿಲ್ಲ," ಎನ್ನುತ್ತಾರೆ. "ಸ್ಟೀಲಿಗೆ ತಾಗಿದ್ದೇ ತಡ, ಅಂಚು ಒಳಗೆ ಸರಿಯುತ್ತೆ. ನೋಡ್ತಾ ನೋಡ್ತಾ ಸಣ್ಣದಾಗುತ್ತೆ. ಕತ್ತರಿಸಿದ ಚರ್ಮ ಕುಗ್ಗೋದೇ ಹಾಗೆ ಅಂತಾರೆ ಡಾಕ್ಟರು. ನಂಗೆ ಮಾತ್ರ ಚಳಿಗೆ ಮುದುಡಿಕೊಂಡ ಹಾಗೆ ಕಾಣುತ್ತೆ."

ಅದಕ್ಕೂ ಮುಂಚೆ ಒಂಬತ್ತು ವರ್ಷ ಅವರು ಇದೇ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುತ್ತಿದ್ದರು. ಒದ್ದೆ ಹೊದಿಕೆ ಎತ್ತಿ ಎತ್ತಿ ಸೊಂಟ ಬಿದ್ದುಹೋಗಿತ್ತು. ಈ ಕೋಣೆಯಲ್ಲಿದ್ದ ಆಳು ಮೂರೇ ವಾರಕ್ಕೆ ಹೇಳದೆ ಕೇಳದೆ ಬಿಟ್ಟುಹೋದಾಗ, ಬೇರೆ ಯಾರೂ ಒಪ್ಪದ ಕೆಲಸಕ್ಕೆ ಇವರು ಒಪ್ಪಿದರು. ಮನೆಯಲ್ಲಿ ಎರಡು ವರ್ಷ ಬಾಯಿಬಿಡಲಿಲ್ಲ. ಗುಟ್ಟು ರಟ್ಟಾದಾಗ, ಮನೆಗಳಿಗೆ ಬಣ್ಣ ಬಳಿಯುವ ಗಂಡ ಒಂದು ತಿಂಗಳು ಇವರ ಕೈಯಡುಗೆ ಮುಟ್ಟಲಿಲ್ಲ. ಹಾಸಿಗೆ ಹಿಡಿದಿದ್ದ ಅತ್ತೆ ಮಲಗಿದಲ್ಲಿಂದಲೇ ಮಗನಿಗೆ ಹೇಳಿದರಂತೆ: "ದಿನಾ ನನ್ನ ತೊಳೆಯೋ ಕೈನೂ ಅದೇ ಕಣೋ. ಸುಮ್ನೆ ಉಣ್ಣು." ಈಗ ಗಂಡನೇ ತಮಾಷೆ ಮಾಡುತ್ತಾರೆ. ಹೆಂಡತಿಯನ್ನು ಕಂಡರೆ ತರಕಾರಿ ಅಂಗಡಿಯವನು ತಕ್ಕಡಿ ಸರಿಪಡಿಸಿಕೊಳ್ಳುತ್ತಾನಂತೆ.

ಕಳೆದ ವರ್ಷದ ಒಂದು ಬೆಳಗಿನ ಬಗ್ಗೆ ಕೇಳಿದರೆ ಮಾತ್ರ ಅಕ್ಕ ಮೊದಲು ಬಾಗಿಲು ಮುಂದೆ ಮಾಡುತ್ತಾರೆ. ಎಪ್ಪತ್ತೆರಡು ಕಿಲೋ ಇಳಿಸಿದ್ದ ಗಣಿತದ ಶಿಕ್ಷಕಿಯೊಬ್ಬರಿಗೆ ಹಿಂದಿನ ದಿನ ಹೊಟ್ಟೆಯ ಚರ್ಮ ತೆಗೆದಿದ್ದರು. ಏಳು ಕಿಲೋ ನೂರು ಗ್ರಾಂ. ಸಂಜೆಯಿಂದಲೇ ಅವರಿಗೆ ತುರಿಕೆ ಶುರುವಾಯಿತು. ತುರಿಸುತ್ತಿದ್ದುದು ತೊಡೆಯ ಮೇಲೆ ಜೋತಾಡುತ್ತಿದ್ದ ಹೊಟ್ಟೆಯ ಮಡಿಕೆಯಲ್ಲಿ, ಅಂದರೆ ಈಗ ಏನೂ ಇಲ್ಲದ ಜಾಗದಲ್ಲಿ. ಮಾತ್ರೆ, ಚುಚ್ಚುಮದ್ದು ಯಾವುದಕ್ಕೂ ಬಗ್ಗಲಿಲ್ಲ. ಬೆಳಗಾಗುವಷ್ಟರಲ್ಲಿ ಅವರು ಬ್ಯಾಂಡೇಜು ಎಳೆದಾಡಿ ಎರಡು ಹೊಲಿಗೆ ಬಿಚ್ಚಿಕೊಂಡಿದ್ದರು. ಇನ್ನೊಮ್ಮೆ ಹೀಗಾದರೆ ಗಾಯವೇ ಬಾಯಿಬಿಡುತ್ತದೆ, ಕೈ ಕಟ್ಟಿಹಾಕಬೇಕಾಗುತ್ತದೆ ಎಂದು ನರ್ಸ್ ಎಚ್ಚರಿಸಿದ್ದರು.

ಮುಖ ಒರೆಸಲು ಹೋದ ಅಕ್ಕನ ಮಣಿಕಟ್ಟನ್ನು ಶಿಕ್ಷಕಿ ಹಿಡಿದುಕೊಂಡರು. ಅದು ಎಲ್ಲಿದೆ ಎಂದು ಕೇಳಿದರು. ಕೆಳಗಿದೆ, ವ್ಯಾನು ಇನ್ನೂ ಬಂದಿಲ್ಲ ಎಂದರು ಅಕ್ಕ.

"ತುರಿಸ್ತಿರೋದು ಅದಕ್ಕೆ," ಎಂದರು ಶಿಕ್ಷಕಿ. "ನಂಗಲ್ಲ."

ಅಕ್ಕ ಹೋಗಿ, ಇವರನ್ನು ಕೆಳಗೆ ಕರೆದೊಯ್ಯಬಹುದೇ ಎಂದು ಪಾಳಿಯ ವೈದ್ಯರನ್ನು ಕೇಳಿದರು. ಹತ್ತು ನಿಮಿಷ, ರೋಗಿ ಏನನ್ನೂ ಮುಟ್ಟಕೂಡದು ಎಂದರು ಅವರು. ಗಾಲಿಕುರ್ಚಿ ಲಿಫ್ಟಿನಲ್ಲಿ ಇಳಿಯಿತು. ಅಷ್ಟರಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದ ವ್ಯಾನಿನ ಚಾಲಕನನ್ನು ಅಕ್ಕ ಹೊರಗೆ ಕಾಯಲು ಹೇಳಿದರು. ನೋಡುವ ಧೈರ್ಯವಿಲ್ಲವೆಂದು ಶಿಕ್ಷಕಿ ಗೋಡೆಗೆ ಮುಖ ಮಾಡಿ ಕುಳಿತರು. ಅಕ್ಕ ಕೈಗವಸು ತೊಟ್ಟು ಚೀಲ ಬಿಚ್ಚಿ, ಚರ್ಮವನ್ನು ತಟ್ಟೆಯಲ್ಲಿ ಹರಡಿದರು. ಹೊಕ್ಕುಳನ್ನು ದೇಹದಲ್ಲೇ ಉಳಿಸಿಕೊಳ್ಳುವುದರಿಂದ ತೆಗೆದ ಚರ್ಮದಲ್ಲಿ ಆ ಜಾಗ ಗುಂಡನೆಯ ತೂತು. ಶಿಕ್ಷಕಿ ಹೊಕ್ಕುಳಿಂದ ಎಡಕ್ಕೆ ಎಂದರು. ಅಕ್ಕ ತೂತಿನಿಂದ ಎಡಕ್ಕೆ ಬೆರಳು ಸರಿಸಿದರು. ಇನ್ನೂ ಕೆಳಗೆ, ಎಂದರು. ಕೆಳಗೆ ಒಂದು ಹಳೆಯ ಹುಣ್ಣಿನ ಕಲೆಯಿತ್ತು. ಅದರ ಮೇಲೆ ಮೆಲ್ಲಗೆ ಕೆರೆದರು.

"ಅಲ್ಲೇ," ಎಂದರು ಶಿಕ್ಷಕಿ.

ಫ್ರಿಜ್ಜಿನ ಸದ್ದಿನಲ್ಲಿ ಬೆರಳಿನ ಸದ್ದು ಕೇಳುವ ಹಾಗಿರಲಿಲ್ಲ. ಅಕ್ಕನಿಗೆ ಏನನ್ನಿಸಿತೋ, ಬೆರಳನ್ನು ಇದ್ದಲ್ಲೇ ನಿಲ್ಲಿಸಿದರು.

ಗೋಡೆಯ ಕಡೆಯಿಂದ ಶಿಕ್ಷಕಿ ಕೇಳಿದರು: "ಯಾಕೆ ನಿಲ್ಲಿಸಿದ್ರಿ?"

ಅಕ್ಕ ತಿರುಗಿ ನೋಡಿದರು, ಶಿಕ್ಷಕಿಯ ಮುಖ ಗೋಡೆಯ ಕಡೆಗೇ ಇತ್ತು. ಮತ್ತೆ ಕೆರೆದರು. ಕೊನೆಗೆ ಶಿಕ್ಷಕಿಯ ಭುಜ ಇಳಿಯಿತು, ಕುಳಿತಲ್ಲೇ ನಿದ್ದೆ ಹತ್ತಿತು. ಬಿಚ್ಚಿದ ಹೊಲಿಗೆ ಮತ್ತೆ ಹಾಕಿದರು, ಗಾಯ ಕೂಡಿತು. ಒಂಬತ್ತನೆಯ ದಿನ ಅವರು ತಮ್ಮ ಕಾಲ ಮೇಲೆ ನಡೆದುಕೊಂಡೇ ಮನೆಗೆ ಹೋದರು.

ಕತ್ತರಿಸಿದ ನರಗಳು ಹಳೆಯ ಮೈಯನ್ನು ಕೆಲವು ದಿನ ಹುಡುಕುತ್ತವೆ, ಕೆರೆಯುತ್ತಿದ್ದಾರೆ ಎಂದು ನಂಬಿದರೆ ಮೆದುಳು ಸಮಾಧಾನವಾಗುತ್ತದೆ ಎಂದು ವೈದ್ಯರು ವಿವರಿಸಿದ್ದಾರೆ. ಅಕ್ಕ ಅದನ್ನು ಅಲ್ಲಗಳೆಯುವುದಿಲ್ಲ. "ಅವರು ಓದಿದೋರು, ಸರಿನೇ ಇರ್ಬೇಕು. ಆದ್ರೆ ನಾನು ನಿಲ್ಲಿಸಿದ್ದು ಟೀಚರಿಗೆ ಹೇಗೆ ಗೊತ್ತಾಯ್ತು?" ಅಂದಿನಿಂದ ವ್ಯಾನು ಬರುವ ಮುಂಚೆ ಅವರು ವಾರ್ಡಿಗೆ ಒಂದು ಸುತ್ತು ಹೋಗಿ, ತುರಿಕೆ ಇದೆಯಾ ಎಂದು ಎಲ್ಲರನ್ನೂ ಕೇಳಿ ಬರುತ್ತಾರೆ. ಇದುವರೆಗೆ ಮೂವರು ಹೌದೆಂದಿದ್ದಾರೆ. ಮೂರು ಸಲವೂ ಅಕ್ಕ ಕೆಳಗಿಳಿದು ಚೀಲ ಬಿಚ್ಚಿದ್ದಾರೆ.

ಹೊರಡುವ ಮುನ್ನ, ಗುಣವಾದವರು ಯಾರಾದರೂ ಆಮೇಲೆ ಬಂದು ಮಾತನಾಡಿಸಿದ್ದುಂಟೇ ಎಂದು ಕೇಳುತ್ತೇನೆ. ಅವರು ನಗುತ್ತಾರೆ. ಹೋದ ವಾರ ತುಂಬಿದ ಬಸ್ಸಿನಲ್ಲಿ ಒಬ್ಬ ಗಂಡಸು ಇವರನ್ನು ಕಂಡು, ಕೂತ್ಕೊಳ್ಳಿ ಅಮ್ಮ ಎಂದು ತಟ್ಟನೆ ಎದ್ದು ಜಾಗ ಬಿಟ್ಟುಕೊಟ್ಟರಂತೆ. ಕುತ್ತಿಗೆಯ ಮಚ್ಚೆಯಿಂದ ಅಕ್ಕನಿಗೆ ಗುರುತು ಸಿಕ್ಕಿತು. ಅವರಿಗೆ ಸಿಗಲಿಲ್ಲ.

"ಒಂದು ಕಾಲಕ್ಕೆ ಇಬ್ಬರು ಹಿಡಿದು ಎಬ್ಬಿಸಬೇಕಿತ್ತು ಅವರನ್ನ," ಎನ್ನುತ್ತಾರೆ ತೂಕದಕ್ಕ. "ಅವರ ಒಂಬತ್ತು ಕಿಲೋ ಈ ಕೈ ದಾಟಿ ಹೋಗಿದೆ. ನಾನೇನೂ ಹೇಳಲಿಲ್ಲ, ಕೂತ್ಕೊಂಡೆ. ಸೀಟು ಇನ್ನೂ ಬೆಚ್ಚಗಿತ್ತು."