ಉಳಿದ ಮೂವತ್ತೈದು ಜಿಬಿ

ಒಂದು ಕೆಬಿಗೆ ಎಷ್ಟು ಬೈಟ್ ಎಂದು ಲ್ಯಾಬ್ ಮೇಡಂ ಕೇಳಿದಾಗ ಯಾರಾದರೂ ‘ಸಾವಿರ’ ಎಂದು ಬಾಯಿ ಬಿಟ್ಟರೆ ಅವರ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ. “ಸಾವಿರದ ಇಪ್ಪತ್ನಾಲ್ಕು! ಆ ಇಪ್ಪತ್ನಾಲ್ಕನ್ನ ಏನು ನಿಮ್ಮ ತಾತ ನುಂಗಿದ್ರಾ?” ಇಪ್ಪತ್ತೆಂಟು ವರ್ಷದಿಂದ ಅದೇ ಶಾಲೆ, ಅದೇ ಕಂಪ್ಯೂಟರ್ ಲ್ಯಾಬು, ಅದೇ ಬೈಗುಳ. ಮಕ್ಕಳು ಬೆನ್ನ ಹಿಂದೆ ಅವರಿಗೆ ‘ಇಪ್ಪತ್ನಾಲ್ಕು’ ಎಂದೇ ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಪರವಾಗಿಲ್ಲ, ಅಷ್ಟಾದರೂ ನೆನಪಿಟ್ಟುಕೊಂಡಿದ್ದಾರಲ್ಲ ಎಂದು ಒಳಗೊಳಗೇ ಖುಷಿಪಟ್ಟಿದ್ದರು.

ಇಂಥ ಮೇಡಂ ಒಂದು ತಿಂಗಳಿಂದ ಒಂದೇ ಒಂದು ಭಾಗಾಕಾರ ಮಾಡದೆ ತಪ್ಪಿಸಿಕೊಂಡು ಓಡಾಡುತ್ತಿದ್ದರು ಎಂದರೆ ಯಾರೂ ನಂಬಲಿಕ್ಕಿಲ್ಲ. ಅದಕ್ಕೆ ಕಾರಣ ಅವರ ಅಕ್ಕ.

ಅಕ್ಕ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಸಮಯ ಹೇಳುವ ಕೆಲಸದಲ್ಲಿದ್ದಳು. ಇಪ್ಪತ್ತೆರಡು ವರ್ಷ. ಆ ಊರಿನಲ್ಲಿ ಅವಳ ಮುಖ ಕಂಡವರು ಕಡಿಮೆ, ದನಿ ಕೇಳದವರು ಇಲ್ಲ. “ಪ್ರಯಾಣಿಕರ ಗಮನಕ್ಕೆ” ಎಂದು ಅವಳು ಶುರುಮಾಡಿದರೆ ಸೂಟ್‌ಕೇಸಿನ ಮೇಲೆ ತೂಕಡಿಸುತ್ತಿದ್ದವರೂ ನೆಟ್ಟಗೆ ಕೂರುತ್ತಿದ್ದರು. ಅಪ್ಪ ಅಮ್ಮ ಬೇಗ ಹೋದ ಮೇಲೆ ತಂಗಿಯನ್ನು ಓದಿಸಿ ದಡ ಮುಟ್ಟಿಸಿದವಳು ಇವಳೇ. ಆದರೆ ಮನೆಗೆ ಬಂದರೆ ಮಾತೇ ಇಲ್ಲ. ಜಪ್ಪಯ್ಯ ಅಂದರೂ ಬಾಯಿ ತೆರೆಯುತ್ತಿರಲಿಲ್ಲ. “ಅಲ್ಲಿ ಊರಿಗೆಲ್ಲಾ ಮಾತಾಡಿ ಬಂದಿದೀನಿ, ಇಲ್ಲಾದ್ರೂ ಸುಮ್ನೆ ಇರೋಕೆ ಬಿಡ್ರೇ” ಎನ್ನುವುದೇ ಅವಳ ದಿನದ ದೊಡ್ಡ ಭಾಷಣ. ಅಕ್ಕನ ದನಿ ಬೇಕೆನಿಸಿದರೆ ತಂಗಿ ನಿಲ್ದಾಣಕ್ಕೇ ಹೋಗಬೇಕಿತ್ತು. ಕಾಲೇಜಿನಿಂದ ಬರುವಾಗ ಬೇಕೆಂದೇ ಎರಡು ಬಸ್ಸು ಬಿಟ್ಟು, ಕಬ್ಬಿಣದ ಬೆಂಚಿನ ಮೇಲೆ ಕೂತು ಕೇಳುತ್ತಿದ್ದಳು. ಹೊರಟ ಬಸ್ಸು, ತಡವಾದ ಬಸ್ಸು, ರದ್ದಾದ ಬಸ್ಸು, ಎಲ್ಲವೂ ತನಗೇ ಹೇಳಿದ ಮಾತು ಎಂಬಂತೆ.

ದಿನಾ ಪುಕ್ಕಟೆ ಕಿವಿಗೆ ಬೀಳುವ ದನಿಯನ್ನು ಯಾರು ಹಿಡಿದಿಡುತ್ತಾರೆ? ಮನೆಯಲ್ಲಿ ಯಾರೂ ರೆಕಾರ್ಡ್ ಮಾಡಲಿಲ್ಲ. ಹೋದ ವರ್ಷ ಅಕ್ಕ ತೀರಿಕೊಂಡಾಗ ಫೋಟೊಗಳು ರಾಶಿಗಟ್ಟಲೆ ಸಿಕ್ಕವು, ದನಿ ಒಂದು ತುಣುಕೂ ಸಿಗಲಿಲ್ಲ.

ಆಗ ಅಕ್ಕನ ಮಗಳಿಗೆ ಒಂದು ಸಂಗತಿ ನೆನಪಾಯಿತು. ಅವಳಿಗೆ ಮೂವತ್ತು ದಾಟಿದೆ, ಔಷಧದಂಗಡಿಯಲ್ಲಿ ಕೆಲಸ, ಆದರೂ ಮನೆಯವರಿಗೆ ಇನ್ನೂ ಪುಟ್ಟಿಯೇ. ಹತ್ತು ವರ್ಷದ ಹಿಂದೆ ಅಮ್ಮ ನಿವೃತ್ತಿಯಾಗುವ ಮೊದಲು, ಇನ್ನು ಮುಂದೆ ಕಂಪ್ಯೂಟರೇ ಘೋಷಣೆ ಮಾಡುತ್ತದೆಂದು ನಿಲ್ದಾಣದವರು ಅವಳನ್ನು ಮೂರು ದಿನ ಕೂರಿಸಿ ದನಿ ತುಂಬಿಸಿಕೊಂಡಿದ್ದರಂತೆ. ಪುಟ್ಟಿ ಹೋಗಿ ಅಲ್ಲಿನ ಗುಮಾಸ್ತರ ತಲೆ ತಿಂದಳು. ಅವರು ಮೂಲೆಗೆ ಸೇರಿಸಿದ್ದ ಕಂಪ್ಯೂಟರಿನ ಡಿಸ್ಕ್ ಬಿಚ್ಚಿ, ಧೂಳು ಒರೆಸಿ ಕೊಟ್ಟರು. “ಆಮೇಲೆ ಬೇರೆಯವರ ದನಿ ತುಂಬಿದ್ರಮ್ಮ. ನಿಮ್ಮ ತಾಯಿದು ಉಳಿದಿದ್ರೆ ನಿಮ್ಮ ಅದೃಷ್ಟ.”

ಡಿಸ್ಕ್ ಚಿಕ್ಕಮ್ಮನ ಮೇಜಿಗೆ ಬಂತು. ಲ್ಯಾಬ್ ಮೇಡಂ ಒಂದು ವಾರ ಜಾಲಾಡಿದರು. ಅಳಿಸಿದ್ದನ್ನು ಹೆಕ್ಕಿ ತೆಗೆಯುವ ಸಾಫ್ಟ್‌ವೇರ್ ಹಾಕಿದರು. ಬಂದದ್ದೆಲ್ಲ ಬೇರೆ ಹೆಂಗಸಿನ ದನಿ, ಚೊಕ್ಕವಾದ, ಒಂದಿಷ್ಟೂ ತಡವರಿಸದ ದನಿ. ಪಾಪ, ಅವಳದೇನು ತಪ್ಪು? ಆದರೂ ಮೇಡಂಗೆ ಅವಳ ಮೇಲೆ ಮೈಯೆಲ್ಲ ಉರಿಯಿತು.

ಭಾನುವಾರ ಬಂದ ಪುಟ್ಟಿ ಡಿಸ್ಕನ್ನು ತಿರುಗಿಸಿ ನೋಡಿದಳು.

“ಚಿಕ್ಕಮ್ಮ, ಇದರ ಮೇಲೆ ಐನೂರು ಜಿಬಿ ಅಂತ ಬರೆದಿದೆ. ಕಂಪ್ಯೂಟರಲ್ಲಿ ನಾನೂರ ಅರವತ್ತೈದು ಅಂತಿದೆ. ಮಿಕ್ಕ ಮೂವತ್ತೈದು ಎಲ್ಲಿ? ಅದರಲ್ಲಿ ಅಮ್ಮ ಇರ್ಬಹುದಾ?”

ಈ ಪ್ರಶ್ನೆ ಕೇಳಿದ ಮಕ್ಕಳನ್ನು ಮೇಡಂ ಬೋರ್ಡಿನ ಮುಂದೆ ನಿಲ್ಲಿಸಿ ಲೆಕ್ಕ ಮಾಡಿಸುತ್ತಿದ್ದರು. ಅಂದು ಪುಟ್ಟಿಯ ಕಣ್ಣು ನೋಡಿದವರು ಲೆಕ್ಕದ ಮಾತೆತ್ತದೆ ಡಿಸ್ಕನ್ನು ಅವಳ ಕೈಯಿಂದ ತೆಗೆದುಕೊಂಡರು.

“ನೋಡ್ಬೇಕು ಕಣೇ” ಎಂದುಬಿಟ್ಟರು.

ಆ ಒಂದು ಮಾತು ನಾಲ್ಕು ಭಾನುವಾರ ಎಳೆಯಿತು. “ಸಿಕ್ತಾ?” “ನೋಡ್ತಾ ಇದೀನಿ.” ಇದಿಷ್ಟೇ ಮಾತುಕತೆ, ಆಮೇಲೆ ಇಬ್ಬರೂ ಅಕ್ಕನ ವಿಷಯ ಮಾತಾಡುತ್ತಾ ಹೊತ್ತು ಕಳೆಯುವುದು. ತಮಾಷೆಯೆಂದರೆ, ಶಾಲೆಯಿಂದ ಬಂದು ಮೇಡಂ ನಿಜಕ್ಕೂ ಹುಡುಕಲು ಕೂರುತ್ತಿದ್ದರು. ಆ ಜಾಗವೇ ಇಲ್ಲವೆಂದು ಅವರಿಗೆ ಗೊತ್ತಿಲ್ಲವೆ? ಗೊತ್ತಿತ್ತು. ಆದರೆ ಹೆಡ್‌ಫೋನ್ ಹಾಕಿ ಕೂತಾಗ, ಇನ್ನೊಂದು ಕ್ಷಣಕ್ಕೆ ಅಕ್ಕ ಗಂಟಲು ಸರಿಮಾಡಿಕೊಂಡು ಶುರುಮಾಡುತ್ತಾಳೆ ಅನಿಸುತ್ತಿತ್ತು. ಆ ಅನಿಸಿಕೆಯನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಿರಲಿಲ್ಲ.

ಐದನೇ ಭಾನುವಾರ ಪುಟ್ಟಿ ಬ್ಯಾಗು ಹೆಗಲಿಗೇರಿಸಿಕೊಂಡೇ ಬಂದಳು. ದೂರದ ಪಟ್ಟಣದಲ್ಲಿ ಕಳೆದ ಫೈಲು ತೆಗೆದುಕೊಡುವವರು ಇದ್ದಾರಂತೆ. ರಜೆ ಹಾಕಿದ್ದಾಳೆ, ಹದಿನಾಲ್ಕು ಗಂಟೆ ದಾರಿ, ಸಂಜೆಯ ಬಸ್ಸು.

“ಡಿಸ್ಕ್ ಕೊಡಿ ಚಿಕ್ಕಮ್ಮ. ಆ ಮೂವತ್ತೈದನ್ನ ಅವರು ತೆಗೀತಾರೇನೋ.”

ಮೇಡಂ ಡಿಸ್ಕಿನ ಮೇಲೆ ಕೈಯಿಟ್ಟುಕೊಂಡರು. ಹದಿನಾಲ್ಕು ಗಂಟೆ ದಾರಿ ಹೋಗಿ, ಯಾರೋ ಗುರುತಿಲ್ಲದವರ ಬಾಯಲ್ಲಿ ಇದನ್ನು ಕೇಳಿಸಿಕೊಂಡು ಒಬ್ಬಳೇ ವಾಪಸು ಬರಬೇಕೆ ಈ ಹುಡುಗಿ?

“ಕೂತ್ಕೋ. ಫೋನ್ ತೆಗಿ. ಐದು ಬರಿ, ಅದರ ಮುಂದೆ ಹನ್ನೊಂದು ಸೊನ್ನೆ.”

“ಯಾಕೆ?”

“ಡಿಸ್ಕ್ ಮಾಡೋರು ಸಾವಿರದ ಲೆಕ್ಕ ಹಿಡೀತಾರೆ. ಐನೂರು ಜಿಬಿ ಅಂದ್ರೆ ಅವರಿಗೆ ಅಷ್ಟು ಬೈಟು. ಕಂಪ್ಯೂಟರು ಸಾವಿರದ ಇಪ್ಪತ್ನಾಲ್ಕರ ಲೆಕ್ಕದಲ್ಲಿ ಎಣಿಸುತ್ತೆ. ಭಾಗಿಸು, ಕೆಬಿ ಬರುತ್ತೆ.”

“ನಮ್ಮಲ್ಲಿ ಸಾವಿರ ಮಿಲಿಗ್ರಾಂ ಅಂದ್ರೆ ಒಂದು ಗ್ರಾಂ, ಎಲ್ರಿಗೂ ಒಂದೇ. ಇದೇನು ಇವರದ್ದು ಎಡವಟ್ಟು?” ಪುಟ್ಟಿ ಗೊಣಗುತ್ತಲೇ ಭಾಗಿಸಿದಳು. ನಲವತ್ತೆಂಟು ಕೋಟಿ ಚಿಲ್ಲರೆ ಬಂತು.

“ಇನ್ನೊಂದ್ಸಲ ಭಾಗಿಸು, ಎಂಬಿ.”

ನಾಲ್ಕು ಲಕ್ಷದ ಎಪ್ಪತ್ತಾರು ಸಾವಿರ ಚಿಲ್ಲರೆ.

“ಇನ್ನೊಂದೇ ಸಲ.” ಮೇಡಂ ದನಿ ಸಣ್ಣಗಾಯಿತು.

ನಾನೂರ ಅರವತ್ತೈದು ಪಾಯಿಂಟ್ ಆರು ಆರು.

ಪುಟ್ಟಿ ಫೋನು ನೋಡಿದಳು, ಕಂಪ್ಯೂಟರ್ ನೋಡಿದಳು, ಮತ್ತೆ ಫೋನು ನೋಡಿದಳು. ಬ್ಯಾಗು ಹೆಗಲಿಂದ ತಾನಾಗಿ ಜಾರಿ ನೆಲಕ್ಕೆ ಬಂತು.

“ಹಾಗಾದ್ರೆ ಏನೂ ಕಳೆದಿಲ್ವಾ?”

“ಇಲ್ಲ ಕಣೇ. ಎರಡೂ ಒಂದೇ. ಅಳತೆ ಬೇರೆ ಅಷ್ಟೆ. ಇರೋದನ್ನೆಲ್ಲಾ ನಾನು ನೋಡಿ ಆಗಿದೆ.”

ಪುಟ್ಟಿ ಡಿಸ್ಕಿನ ಮೇಲಿದ್ದ ‘ಐನೂರು ಜಿಬಿ’ಯನ್ನು ಹೆಬ್ಬೆರಳಿನಿಂದ ಉಜ್ಜಿದಳು. ಬೀದಿಯಲ್ಲಿ ಯಾರೋ ಸ್ಕೂಟರ್ ಒದ್ದು ಒದ್ದು ಸ್ಟಾರ್ಟ್ ಮಾಡಲು ಹೆಣಗುತ್ತಿದ್ದರು.

“ಕಳೆದಿದ್ರೇ ಚೆನ್ನಾಗಿತ್ತು ಚಿಕ್ಕಮ್ಮ” ಎಂದಳು ಕೊನೆಗೆ. “ಹುಡುಕ್ತಾನಾದ್ರೂ ಇರಬಹುದಿತ್ತು.”

ಮೇಡಂ ಅವಳ ತಲೆಯನ್ನು ತಮ್ಮ ಹೆಗಲಿಗೆ ಎಳೆದುಕೊಂಡರು.

“ಅದಕ್ಕೇ ಕಣೇ” ಎಂದರು, “ನಾನು ಒಂದು ತಿಂಗಳು ಈ ಲೆಕ್ಕ ಮಾಡ್ಲಿಲ್ಲ.”