ಆಂತೊಲಿನ್ ಹಿಡಿದ ಮೇಣದಬತ್ತಿ

ಪಲೆನ್ಸಿಯಾ ಸೀಮೆಯ ಆ ಊರಿನವರೆಲ್ಲ ಭಾನುವಾರದ ಪೂಜೆಗೆ ಇಗರ್ಜಿ ಸೇರಿದ್ದ ಹೊತ್ತಿನಲ್ಲಿ, ಕುಲೀನ ಮನೆತನದ ಬೆಲ್ತ್ರಾನ್ ತನ್ನ ಹಿತ್ತಲ ಬೆಳ್ಳುಳ್ಳಿ ಮಡಿಯಲ್ಲಿ ಮುಖ ಅಡಿಯಾಗಿ ಬಿದ್ದ. ತಪ್ಪು ಗುದ್ದಲಿಯದಲ್ಲ, ಸೊಂಟದ ಕತ್ತಿಯದು. ಅದನ್ನು ಬಿಚ್ಚಿಟ್ಟು ಅಗೆಯಬಹುದಿತ್ತು. ಬಿಚ್ಚಿಟ್ಟರೆ ತಾನು ಯಾರೆಂದು ತನಗೇ ಮರೆತುಹೋದೀತೆಂಬ ಭಯ. ಅದೇ ಕಾಲಿಗೆ ಅಡ್ಡ ಬಂತು.

ಕುಲೀನರು ಮಣ್ಣು ಮುಟ್ಟುವಂತಿಲ್ಲ. ಮುಟ್ಟಿದ್ದು ಗೊತ್ತಾದರೆ ಅವನನ್ನು ಸಾಮಾನ್ಯರ ಸಾಲಿಗೆ ಇಳಿಸಿ, ತೆರಿಗೆ ಹೇರಿ, ರಸ್ತೆ ಅಗೆಯುವ ಬಿಟ್ಟಿ ದುಡಿಮೆಗೆ ಎಳೆಯಲು ಊರ ಹಿರಿಯರು ಬಹಳ ಕಾಲದಿಂದ ಹೊಂಚುತ್ತಿದ್ದರು. ಆಳು ಇಡಲು ಗತಿಯಿಲ್ಲದ ಬೆಲ್ತ್ರಾನ್ ಯಾರೂ ನೋಡದ ಪೂಜೆಯ ಹೊತ್ತನ್ನೇ ಆರಿಸಿಕೊಂಡಿದ್ದ.

ಬಿದ್ದ ಸದ್ದಿಗೆ ಗೋಡೆ ಹಾರಿ ಬಂದವನು ಪಕ್ಕದ ಮನೆಯ ಆಂತೊಲಿನ್. ಊರಿನ ಅರ್ಧ ಕಾಲುವೆಗಳನ್ನೂ ಬಹುಪಾಲು ಗೋರಿಗಳನ್ನೂ ಅಗೆದ ಕೂಲಿಯವನು. ಮುಂಜಾನೆಯ ಪೂಜೆಗೇ ಹೋಗಿ ಬಂದಿದ್ದ. ಮಾತು ಕಡಿಮೆ. ಇವನಿಗಿಂತ ಕತ್ತೆಯ ಜೊತೆ ಮಾತಾಡುವುದು ವಾಸಿ, ಅದು ಕಿವಿಯನ್ನಾದರೂ ಅಲ್ಲಾಡಿಸುತ್ತದೆ ಎಂದು ಅವನ ಹೆಂಡತಿ ನೀರು ಸೇದುವಲ್ಲಿ ಹೇಳಿಕೊಳ್ಳುತ್ತಿದ್ದಳು.

ಅವನು ಬೆಲ್ತ್ರಾನನನ್ನು ಎಬ್ಬಿಸಿ ಗುದ್ದಲಿ ಎತ್ತಿಕೊಳ್ಳುವುದಕ್ಕೂ, ಪೂಜೆ ತಪ್ಪಿಸಿದವರನ್ನು ಹುಡುಕುತ್ತ ಬಂದ ಇಗರ್ಜಿಯ ಪಾರುಪತ್ಯಗಾರ ಬಾಗಿಲು ತಳ್ಳುವುದಕ್ಕೂ ಸರಿಹೋಯಿತು.

"ಭಾನುವಾರ ಗುದ್ದಲಿ ಹಿಡಿದೋರು ಯಾರು?"

"ನಾನೇ," ಎಂದ ಆಂತೊಲಿನ್. "ತಡೆಯೋಕೆ ಬಂದು ಒಡೆಯರು ಬಿದ್ದುಬಿಟ್ರು."

ಇಷ್ಟಕ್ಕೆ ಬೆಲ್ತ್ರಾನ್ ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಅವನ ಮಣ್ಣು ಮೆತ್ತಿದ ಬಾಯಿ ತಾನಾಗಿ ತೆರೆದುಕೊಂಡಿತು: "ಬೇಡ ಬೇಡ ಅಂತ ನಾನೂ ಎಷ್ಟು ಹೇಳಿದೆ."

ದೇವರ ದಿನ ದುಡಿದ ಪಾಪಕ್ಕೆ ಪ್ರಾಯಶ್ಚಿತ್ತವಾಗಿ ಮುಂದಿನ ಭಾನುವಾರ ಆಂತೊಲಿನ್ ಬರಿಗಾಲಲ್ಲಿ, ಉರಿಯುವ ಮೇಣದಬತ್ತಿ ಹಿಡಿದು, ಪೂಜೆ ಮುಗಿಯುವ ತನಕ ಊರಿನೆದುರು ನಿಲ್ಲಬೇಕಾಯಿತು. ಮೇಣ ಅವನ ಬೆರಳ ಮೇಲೆ ಇಳಿಯುತ್ತಿತ್ತು; ಕುಲೀನರ ಬೆಂಚಿನಲ್ಲಿ ಕೂತ ಬೆಲ್ತ್ರಾನನಿಗೆ ತನ್ನ ಕೈಯೇ ಸುಟ್ಟಂತಾಗುತ್ತಿತ್ತು. ಅಗೆದವನು ತಾನೇ ಎಂದು ಹೇಳಿಬಿಡುವುದೇ ಸರಿಯೆಂದು ಎದ್ದು ನಿಂತ. ಆದರೆ ಮುಂದಿನ ಬೆಂಚು ಎದ್ದರೆ ಹಿಂದಿನವರೂ ಏಳುವುದು ಅಲ್ಲಿಯ ರೂಢಿ. ಮೊಣಕಾಲೂರಿದ್ದ ಇಡೀ ಊರು ದಡಬಡನೆ ಎದ್ದಿತು. ಪಾದ್ರಿ ತಿರುಗಿ ಕಣ್ಣು ಬಿಟ್ಟರು. ಬೆಲ್ತ್ರಾನ್ ಕೂತ, ಊರೂ ಮೊಣಕಾಲೂರಿತು. ಎರಡನೆಯ ಸಲ ಏಳುವ ಧೈರ್ಯ ಅವನಿಗೆ ಹುಟ್ಟಲಿಲ್ಲ.

ಪೂಜೆ ಮುಗಿದ ಮೇಲೆ, ಮನೆಯಲ್ಲಿ ಉಳಿದಿದ್ದ ಒಂದೇ ಹಂದಿಮಾಂಸದ ತುಂಡನ್ನು ಮೇಲಂಗಿಯೊಳಗೆ ಬಚ್ಚಿಟ್ಟುಕೊಂಡು ಆಂತೊಲಿನ್‌ನ ಅಡಿಗೆಮನೆಗೆ ಹೋದ. ಕೂಲಿಯವನ ಮನೆಯಲ್ಲಿ ಅವನು ಕೂರುವಂತಿರಲಿಲ್ಲ. ಆದರೂ ಮುಕ್ಕಾಲಿಯ ಮೇಲೆ ಕೂತ. ಆಂತೊಲಿನ್ ಬೆರಳಿನ ಮೇಣ ಸುಲಿಯುತ್ತಿದ್ದ. ಬೆಲ್ತ್ರಾನ್ ತನ್ನ ಹೇಡಿತನವನ್ನು ಸಾಕಷ್ಟು ಬೈದುಕೊಂಡ. ಈಗಲೇ ಹೋಗಿ ಪಾದ್ರಿಗೆ ಹೇಳುತ್ತೇನೆ ಎಂದ. ಕಾಲು ಮಾತ್ರ ಕದಲಲಿಲ್ಲ. ಕೊನೆಗೆ ತಲೆ ತಗ್ಗಿಸಿ ಕೇಳಿದ:

"ನೀನು ಅವತ್ತು ನಿಜ ಹೇಳಿದ್ದಿದ್ರೆ ನಾನೂ ತೆರಿಗೆ ಕಟ್ತಿದ್ದೆ, ನಿಮ್ಮೆಲ್ಲರ ಹೊರೆ ಒಂದಿಷ್ಟು ಇಳೀತಿತ್ತು. ಮತ್ಯಾಕಪ್ಪ ನನ್ನನ್ನ ಉಳಿಸಿದೆ?"

ಆಂತೊಲಿನ್ ಮಾಂಸದ ತುಂಡನ್ನು ಮೂಸಿ ನೋಡಿ ಒಲೆಯ ಪಕ್ಕಕ್ಕಿಟ್ಟ.

"ರಸ್ತೆ ಬಿಟ್ಟಿಗೆ ಅಕ್ಕಪಕ್ಕದ ಮನೆಯೋರನ್ನ ಜೋಡಿ ಹಾಕ್ತಾರೆ, ಒಡೆಯಾ," ಎಂದ. "ನೀವು ಅಗೆಯೋದನ್ನ ನಾನು ನೋಡಿದೀನಿ."