ಮಧುನಾಶಿನಿಯ ಎಲೆ

ಮಧುನಾಶಿನಿ ಬಳ್ಳಿಯ ಮೇಲೆ ನನಗೇನೂ ಸಿಟ್ಟಿಲ್ಲ. ಸೂಳೆಕೆರೆ ಆಚೆಯ ಗುಡ್ಡದಲ್ಲಿ ಮರಕ್ಕೆ ಹಬ್ಬಿಕೊಂಡು ಅದರ ಪಾಡಿಗೆ ಅದಿತ್ತು. ನನ್ನ ಸಿಟ್ಟೆಲ್ಲ ನಮ್ಮ ಮನೆಯವರ ಸಂಭ್ರಮದ ಮೇಲೆ.

ಎಪ್ಪತ್ತರ ದಶಕದ ಕೊನೆ. ನನ್ನ ಪುಟ್ಟ ತಂಗಿಗೆ ಸಕ್ಕರೆ ಕಾಯಿಲೆ. ಅವಳು ಉಚ್ಚೆ ಹೊಯ್ದಲ್ಲಿ ಇರುವೆ ಮುತ್ತುತ್ತಿದ್ದವು. ಕಾಯಿಲೆ ಗೊತ್ತಾದದ್ದೇ ಹಾಗೆ. ಬದುಕಬೇಕಾದರೆ ದಿನಾ ಸೂಜಿ ಬೇಕೇ ಬೇಕು ಎಂದು ದಾವಣಗೆರೆಯ ಡಾಕ್ಟರು ಹೇಳಿದ್ದರು. ಔಷಧದ ಸೀಸೆಯನ್ನು ಒದ್ದೆ ಮರಳು ತುಂಬಿದ ಮಡಕೆಯಲ್ಲಿ ತಂಪಾಗಿಡುತ್ತಿದ್ದೆವು. ಸೂಜಿ ಚುಚ್ಚಲು ಕಾಂಪೌಂಡರು ಬಂದರೆ ತಂಗಿ ಕಣಜದ ಹಿಂದೆ ಅಡಗುತ್ತಿದ್ದಳು. ಅವಳಿಗಿಂತ ಜೋರಾಗಿ ಅವ್ವ ಅಳುತ್ತಿದ್ದಳು.

ಸಕ್ಕರೆ ಕಾಯಿಲೆಗೆ ಮದ್ದು ಎಂದು ಯಾರೋ ಹೇಳಿದ್ದಕ್ಕೆ ಅಪ್ಪ ಆ ಬಳ್ಳಿಯ ಎಲೆ ತಂದ. ತಂಗಿ ಅಗಿದಳು. ಅವ್ವ ಅವಳ ಬಾಯಿಗೆ ಬೆಲ್ಲದ ಚೂರು ಇಟ್ಟಳು.

“ಥೂ, ಮಣ್ಣು ತಿಂದಂಗೈತೆ!”

ಮನೆಯವರೆಲ್ಲ ಒಬ್ಬೊಬ್ಬರಾಗಿ ಅಗಿದು ನೋಡಿದರು. ಎಲ್ಲರ ಬಾಯಿಗೂ ಬೆಲ್ಲ ಸಪ್ಪೆ. ಅಪ್ಪ ಹಿಗ್ಗಿಹೋದ. “ನಾಲಿಗೆಗೇ ಸಿಹಿ ಹತ್ತಲ್ಲ ಅಂದ್ಮೇಲೆ ಮೈಗೆ ಹೆಂಗೆ ಹತ್ತತೈತೆ? ಇನ್ನ ಸೂಜಿ ಬ್ಯಾಡ,” ಅಂದ. ಮರುದಿನ ಬಂದ ಕಾಂಪೌಂಡರನ್ನು ಬಾಗಿಲಿಂದಲೇ ವಾಪಸು ಕಳಿಸಿದರು.

ಅವತ್ತಿನಿಂದ ತಂಗಿ ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಳು. ಬಚ್ಚಲ ಹಿಂದೆ ಇರುವೆಗಳು ಮೊದಲಿಗಿಂತ ಹೆಚ್ಚಾದವು. ಅಪ್ಪನನ್ನು ಎಳೆದುಕೊಂಡು ಹೋಗಿ ತೋರಿಸಿದೆ.

“ಒಳಗಿನ ಸಕ್ರೆ ಎಲ್ಲಾ ಹೊರಗೆ ಬರ್ತೈತೆ, ಬರ್ಲಿ ಬಿಡು,” ಅಂದ.

ಅವ್ವನ ಕಾಲು ಹಿಡಿದೆ. “ಆ ಮಗೀಗೆ ಸೂಜಿ ಚುಚ್ಚಿಸಾಕೆ ನಿಂಗೆ ಅಷ್ಟು ಆಸೆ ಏನೇ?” ಅಂದಳು. ನಾನು ಮೂಲೆಯಲ್ಲಿ ಕೂತು ಅತ್ತೆ.

ತಂಗಿಗೆ ವಾಂತಿ ಶುರುವಾಯಿತು. ದೊಡ್ಡ ದೊಡ್ಡ ಉಸಿರು ಬಿಡತೊಡಗಿದಳು. ಕೊನೆಗೆ ಕರೆದರೂ ಓಗೊಡದಾದಳು. ಅವಳನ್ನು ಎತ್ತಿಕೊಂಡು ದಾವಣಗೆರೆ ಬಸ್ಸು ಹತ್ತಿದೆವು. ಅಪ್ಪ ಡ್ರೈವರನ ಪಕ್ಕ ನಿಂತು, “ಎಲ್ಲೂ ನಿಲ್ಲಿಸ್ಬ್ಯಾಡ್ರೀ, ನಿಮ್ಮ ಕಾಲಿಗೆ ಬೀಳ್ತೀನಿ,” ಎನ್ನುತ್ತಲೇ ಇದ್ದ. ತಂಗಿ ಅವ್ವನ ಮಡಿಲಲ್ಲಿದ್ದಳು. ತಿರುಗಿ ನೋಡಿದರೆ ಅವ್ವ ಸೆರಗಿನ ಗಂಟಿನಿಂದ ಅದೇ ಎಲೆ ತೆಗೆದು, ತಾನೇ ಅಗಿದು, ಅವಳ ತುಟಿ ಬಿಡಿಸಿ ಒಳಗೆ ಒತ್ತುತ್ತಿದ್ದಾಳೆ. ನನಗೆ ರೇಗಿಹೋಯಿತು. ಅವ್ವನ ಕೈ ಗಟ್ಟಿಯಾಗಿ ಹಿಡಿದೆ.

“ಬಿಡೇ, ಏನಾರ ಮಾಡಾಕೆ ಬಿಡೇ ನನ್ನ,” ಅಂದಳು.

ಇನ್ನೊಂದು ಕೈಯಿಂದ ತಂಗಿಯ ಎದೆ ಮುಟ್ಟಿದೆ. ಉಸಿರಿರಲಿಲ್ಲ. ಅವ್ವನ ಕೈ ಬಿಟ್ಟುಬಿಟ್ಟೆ.